ಹೊಲಿಗೆ ಕೋಣೆಯ ಪರೀಕ್ಷಾ ಕೇಂದ್ರ

ವಾದದಲ್ಲಿ ಗೆಲ್ಲುವುದು ಒಂದು ಚಟ. ಗುಟ್ಕಾ, ಬೀಡಿ, ಇಸ್ಪೀಟು ಇವುಗಳನ್ನು ಬಿಡಿಸುವವರು ಊರಿಗೊಬ್ಬರಾದರೂ ಸಿಗುತ್ತಾರೆ. ಇದನ್ನು ಬಿಡಿಸುವವರು ಇಲ್ಲ. ಬಿಡಿಸಲು ಬಂದವರನ್ನೂ ನಾವು ಕೂರಿಸಿಕೊಂಡು, ಚಹಾ ಕೊಟ್ಟು, ಅವರ ಮಾತಿನಲ್ಲೇ ಅವರನ್ನು ಸಿಕ್ಕಿಸಿ, ಸೋಲಿಸಿ ಕಳಿಸುತ್ತೇವೆ. ನನಗೆ ಇದು ಹತ್ತಿದ್ದು ಏಳನೆಯ ತರಗತಿಯಲ್ಲಿ. ಟಿವಿ ವರವೋ ಶಾಪವೋ ಎಂಬ ವಿಷಯಕ್ಕೆ, ನಮ್ಮ ಮನೆಯ ಟಿವಿ ಕೆಟ್ಟು ಕೂತಿದ್ದ ದಿನಗಳಲ್ಲಿ, ವರವೇ ಸರಿ ಎಂದು ಕೂಗಾಡಿ ಒಂದು ಸ್ಟೀಲ್ ಡಬ್ಬಿ ಗೆದ್ದೆ. ಮರುವರ್ಷ ಅದೇ ವಿಷಯ ಬಂತು. ಈ ಸಲ ಶಾಪವೆಂದು ಅಷ್ಟೇ ಆವೇಶದಿಂದ ಮಾತಾಡಿ ಇನ್ನೊಂದು ಡಬ್ಬಿ ಗೆದ್ದೆ. ಎರಡರಲ್ಲೂ ಅಮ್ಮಿ ಇವತ್ತಿಗೂ ತೊಗರಿ ಬೇಳೆ ತುಂಬಿಡುತ್ತಾಳೆ. ನನ್ನ ನಿಲುವು ಬದಲಾದದ್ದು ಬೇಳೆಗೆ ಗೊತ್ತಾದಂತಿಲ್ಲ.

ಎಲ್ಲ ಬಹುಮಾನಗಳೂ ಡಬ್ಬಿಯಷ್ಟು ವಿಧೇಯವಾಗಿರುವುದಿಲ್ಲ. ಸಿಂಧನೂರಿನ ನಮ್ಮ ಮನೆಯ ಹೊಲಿಗೆ ಕೋಣೆಯಲ್ಲಿ, ಕಪಾಟಿನ ಮೇಲೆ, ಒಂದು ರೋಲಿಂಗ್ ಶೀಲ್ಡು ಕೂತಿದೆ. ಲಿಂಗಸುಗೂರಿನ ಕಾಲೇಜೊಂದರಲ್ಲಿ ವರ್ಷಕ್ಕೊಮ್ಮೆ ನಡೆಯುತ್ತಿದ್ದ ಚರ್ಚಾ ಸ್ಪರ್ಧೆಯದು. ಜೋಡಿಯಾಗಿ ಹೋಗಬೇಕು, ಒಬ್ಬರು ಪರ, ಒಬ್ಬರು ವಿರೋಧ. ಗೆದ್ದ ಜೋಡಿ ಶೀಲ್ಡನ್ನು ಒಂದು ವರ್ಷ ಇಟ್ಟುಕೊಂಡು, ಮುಂದಿನ ವರ್ಷ ತಂದೊಪ್ಪಿಸಿ, ತಾಕತ್ತಿದ್ದರೆ ಮತ್ತೆ ಗೆದ್ದು ತರಬೇಕು. ನಾನು ಮತ್ತು ಮುಕ್ಕುಂದದ ನನ್ನ ಗೆಳತಿ ಲಕ್ಷ್ಮಿ ಅದನ್ನು ಗೆದ್ದು, ಬಸ್ಸಿನಲ್ಲಿ ಇಬ್ಬರ ತೊಡೆಯ ಮೇಲೂ ಅಡ್ಡ ಮಲಗಿಸಿಕೊಂಡು ತಂದೆವು. "ಯವ್ವಾ, ಇದಕ್ಕೂ ಒಂದು ಟಿಕೆಟ್ ತಗೋರಿ, ನಿಮಗಿಂತ ದೊಡ್ಡದೈತಿ" ಎಂದು ಕಂಡಕ್ಟರು ರೇಗಿಸಿದ. ನಮ್ಮ ಕಾಲೇಜಿನ ಕಪಾಟಿಗೆ ಬೀಗವಿಲ್ಲದ ಕಾರಣ ಅದು ನಮ್ಮ ಮನೆಗೆ ಬಂತು. ಅದು ಬಂದ ಕೆಲವೇ ವಾರಗಳಿಗೆ ಲಾಕ್‌ಡೌನ್ ಬಂತು. ಲಾಕ್‌ಡೌನ್ ಹೋಯಿತು, ಶೀಲ್ಡು ಹೋಗಲಿಲ್ಲ. ಆ ಸ್ಪರ್ಧೆ ಮತ್ತೆ ನಡೆಯಲೇ ಇಲ್ಲ. ಹೇಗೂ ಕಾಲೇಜು ಮುಚ್ಚಿದೆ, ಲಾಕ್‌ಡೌನಿನಲ್ಲಿ ಮದುವೆಗೆ ಖರ್ಚೂ ಕಡಿಮೆ ಎಂದು ಲಕ್ಷ್ಮಿಯ ಮದುವೆಯನ್ನು ಅವರ ಮನೆಯಂಗಳದಲ್ಲೇ ಮುಗಿಸಿದರು. ನನ್ನ ವಿರೋಧ ಪಕ್ಷವೂ ಹೋಯಿತು. ಫೋನ್ ಮಾಡಿದರೆ ಲಿಂಗಸುಗೂರಿನವರು, "ಶುರುವಾದ್ಮ್ಯಾಲ ಹೇಳ್ತೀವಿ, ಅಲ್ಲೀತನಾ ನಿಮ್ಮ ಹತ್ರನ ಇರಲಿ ಬಿಡ್ರೆವ್ವ" ಎನ್ನುತ್ತಾರೆ. ಹೀಗಾಗಿ ನಾನು ಇಷ್ಟು ವರ್ಷಗಳಿಂದ ಅಜೇಯಳು. ಸೋಲಿಸಲು ಯಾರೂ ಬರದಿದ್ದರೆ ಅಜೇಯರಾಗುವುದು ಎಷ್ಟು ಸುಲಭವೆಂದು ಅದರ ಧೂಳು ಒರೆಸುವಾಗಲೆಲ್ಲ ಅನ್ನಿಸುತ್ತದೆ.

ಆದರೆ ನಾನು ಹೇಳಲು ಹೊರಟದ್ದು ಶೀಲ್ಡಿನ ಕೆಳಗೆ ಅದೇ ಕೋಣೆಯಲ್ಲಿ ನಡೆದ ಒಂದು ಪರೀಕ್ಷೆಯ ಬಗ್ಗೆ. ಅದಕ್ಕೆ ಮೊದಲು ಮನೆಯವರ ಪರಿಚಯ. ನಮ್ಮ ತಂದೆ, ಅಬ್ಬಾ, ಶಾಲಾ ಸಮವಸ್ತ್ರ ಹೊಲಿಯುವ ದರ್ಜಿ. ಅಂಗಡಿ ಮತ್ತು ಮನೆ ಒಂದೇ ಗೋಡೆಯ ಎರಡು ಮಗ್ಗುಲು. ಅಮ್ಮಿ ಕಾಜಾ, ಗುಂಡಿ, ಕೈಹೊಲಿಗೆಯ ಖಾತೆ ನೋಡಿಕೊಳ್ಳುತ್ತಾಳೆ, ಜೊತೆಗೆ ನಮ್ಮೆಲ್ಲರನ್ನೂ. ನನಗಿಂತ ಕಿರಿಯವಳು, ನನ್ನನ್ನು ಆಪಾ ಎಂದು ಕರೆಯುವ ತಂಗಿ ನಸ್ರೀನ್. ಆಗ ಎರಡನೆಯ ಪಿಯುಸಿ, ವಿಜ್ಞಾನ. ನಮ್ಮ ಮನೆಯ ಭಾಷಾ ನೀತಿಯನ್ನೂ ಹೇಳಿಬಿಡಬೇಕು: ಪ್ರೀತಿ, ಊಟ, ದುವಾ ಇವು ದಖನಿ ಉರ್ದುವಿನಲ್ಲಿ, ಜಗಳ ಕನ್ನಡದಲ್ಲಿ. ನಾನು ಚರ್ಚೆ ಕಲಿತದ್ದು ಕನ್ನಡದಲ್ಲಾದ್ದರಿಂದ, ನನ್ನೊಡನೆ ಹೋರಾಡುವವರು ನನ್ನ ಅಖಾಡಕ್ಕೇ ಬರಬೇಕಾಯಿತು. ಕೊರೊನಾದ ಆ ಎರಡು ವರ್ಷ ನಮ್ಮ ಮನೆಯಲ್ಲಿ ದಖನಿ ಕೇಳಿಸಿದ್ದು ತೀರಾ ಕಡಿಮೆ.

ಮೊದಲ ಲಾಕ್‌ಡೌನ್ ಹೊತ್ತಿಗೆ ಅಬ್ಬಾ ಶಾಲೆ ಶುರುವಾಗುವ ಕಾಲಕ್ಕೆಂದು ನೀಲಿ ಚೌಕಡಿ ಬಟ್ಟೆಯ ಥಾನುಗಳನ್ನು ತಂದು ಅಟ್ಟಿ ಹಾಕಿದ್ದರು. ಶಾಲೆ ಶುರುವಾಗಲಿಲ್ಲ. ಬಟ್ಟೆಯನ್ನು ಏನು ಮಾಡುವುದು? ಮಾಸ್ಕು ಹೊಲಿದರು. ಹೀಗಾಗಿ ನಮ್ಮ ಓಣಿಯಲ್ಲಿ ಹಾಲಿನವನು, ಅಕ್ಕಿ ಗಿರಣಿಯ ಹಮಾಲರು, ನಾಕಾಬಂದಿಯ ಪೊಲೀಸಪ್ಪ, ಮಸೀದಿಯ ಮುದುಕರು ಎಲ್ಲರೂ ಒಂದೇ ಶಾಲೆಯ ವಿದ್ಯಾರ್ಥಿಗಳಂತೆ ಕಾಣತೊಡಗಿದರು. ಮಕ್ಕಳು ಮನೆಯಲ್ಲಿ ಕೂತಿದ್ದರು, ಅವರ ಸಮವಸ್ತ್ರ ಬೀದಿಯಲ್ಲಿ ತಿರುಗಾಡುತ್ತಿತ್ತು. ನಾನು ಇದನ್ನು ದೊಡ್ಡ ಹಾಸ್ಯವೆಂದು ಗೆಳತಿಯರಿಗೆಲ್ಲ ಹೇಳಿ ನಗಿಸಿದೆ. ನಸ್ರೀನ್ ಮಾತ್ರ ನಗಲಿಲ್ಲ. "ಆಪಾ, ಆ ಬಟ್ಟಿ ಮುಗದ್ರ ನಮ್ಮ ಹುಡುಗ್ಯಾರಿಗೆ ಏನ್ ಹೊಲೀತಾರ ಅಬ್ಬಾ?" ಎಂದು ಕೇಳಿದಳು. ಶಾಲೆ ಮತ್ತೆ ತೆರೆಯುತ್ತದೆ ಎಂದು ನಮ್ಮ ಮನೆಯಲ್ಲಿ ಅನುಮಾನವಿಲ್ಲದೆ ನಂಬಿದ್ದವಳು ಅವಳೊಬ್ಬಳೇ.

ನನ್ನ ದಿನಚರಿಯ ಬಗ್ಗೆಯೂ ಹೇಳದೆ ಹೋದರೆ ನ್ಯಾಯವಲ್ಲ. ಡಿಗ್ರಿ ಕೊನೆಯ ವರ್ಷ ಆನ್‌ಲೈನ್‌ಗೆ ಬಂದಿತ್ತು. ಬಿಸಿಲೇರಿದ ಮೇಲೆ ಏಳುವುದು, ಕ್ಯಾಮೆರಾ ಮುಚ್ಚಿ ಹಾಜರಿ ಹೇಳಿ ಮತ್ತೆ ಮಲಗುವುದು, ಮಧ್ಯಾಹ್ನ ಎದ್ದು ವಾದ ಹುಡುಕುವುದು. ಎದುರಿಗೆ ಮನುಷ್ಯರು ಕಡಿಮೆಯಾದ್ದರಿಂದ ಸಿಕ್ಕದ್ದರ ಮೇಲೆ ಬಿದ್ದೆ. ಫೋನ್ ಹಚ್ಚಿದ ಕೂಡಲೇ ಕೆಮ್ಮುತ್ತ ಶುರುವಾಗುತ್ತಿದ್ದ ಆ ಸರ್ಕಾರಿ ಎಚ್ಚರಿಕೆಯ ಧ್ವನಿಯೊಡನೆ ವಾದ ಮಾಡುತ್ತಿದ್ದೆ. ಆ ಕಡೆ ಯಾರಾದರೂ ಎತ್ತಿಕೊಂಡರೆ ಸಿಟ್ಟು ಬರುತ್ತಿತ್ತು, ನನ್ನ ಮಾತು ಅರ್ಧಕ್ಕೇ ನಿಲ್ಲುತ್ತಿತ್ತಲ್ಲ. ಇದೆಲ್ಲ ಚುರುಕುತನ ಎಂದುಕೊಂಡಿದ್ದೆ. ಮನೆಯಲ್ಲಿ ಯಾರಿಗಾದರೂ ಏನಾದರೂ ಆಗಿದ್ದರೆ ಅದು ಸುಮ್ಮನೆ ಕೂತಿರುವ ನಸ್ರೀನ್‌ಗೇ ಆಗಿರಬೇಕು, ಇಷ್ಟು ಮಾತಾಡುವ ನನಗೆ ಏನಾಗಲು ಸಾಧ್ಯ?

ಎರಡನೆಯ ಅಲೆಯ ಬೇಸಿಗೆಯಲ್ಲಿ ಯಾರೋ ಒಂದು ಆನ್‌ಲೈನ್ ಚರ್ಚಾ ಸ್ಪರ್ಧೆ ಇಟ್ಟರು. ವಿಷಯ: ಈ ವರ್ಷದ ಪಿಯುಸಿ ಪರೀಕ್ಷೆ ರದ್ದಾಗಬೇಕು. ಚೀಟಿ ಎತ್ತಿದರು, ನನಗೆ ಪರ ಬಂತು. ಮಾಳಿಗೆಯ ಮೇಲೆ, ನೀರಿನ ಟ್ಯಾಂಕಿನ ನೆರಳಲ್ಲಿ, ನೆಟ್‌ವರ್ಕಿನ ಎರಡು ಗೀಟು ಬರುವ ಒಂದೇ ಜಾಗದಲ್ಲಿ ನಿಂತು ಮಾತಾಡಿದೆ. ಅಂಕಪಟ್ಟಿಗಿಂತ ಉಸಿರು ದೊಡ್ಡದು ಎಂದೆ. ಕೆಳಗೆ ಹೊಲಿಗೆ ಕೋಣೆಯಲ್ಲಿ ನಸ್ರೀನ್ ಅದೇ ಪರೀಕ್ಷೆಗೆ ಓದುತ್ತಿದ್ದಳು. ನನ್ನ ಧ್ವನಿ ಕಿಟಕಿಯಿಂದ ಅವಳ ಪುಸ್ತಕದ ಮೇಲೇ ಬೀಳುತ್ತಿತ್ತು. ಗೆದ್ದೆ. ಫೋನಿಗೆ ಒಂದು ಪ್ರಶಸ್ತಿ ಪತ್ರ ಬಂತು, ಅದರಲ್ಲಿ ನನ್ನ ಹೆಸರು ಶಮೀನಾ ಎಂದಿತ್ತು. ನಾನು ಸಮೀನಾ. ಅದಾದ ಸ್ವಲ್ಪ ದಿನಕ್ಕೆ ಸರ್ಕಾರ ಪರೀಕ್ಷೆ ರದ್ದು ಮಾಡಿತು. ನನ್ನ ಭಾಷಣಕ್ಕೂ ಸರ್ಕಾರಕ್ಕೂ ಸಂಬಂಧವಿಲ್ಲ ಎಂದು ಬೇರೆ ಹೇಳಬೇಕಿಲ್ಲ, ಆದರೆ ಅಬ್ಬಾ ಓಣಿ ತುಂಬ ಹೇಳಿಕೊಂಡು ಬಂದರು: "ನಮ್ಮ ಹುಡುಗಿ ಮಾಳಿಗಿ ಮ್ಯಾಲ ನಿಂತು ಒದರಿದ್ಲು ನೋಡ್ರಿ, ಬೆಂಗಳೂರಿಗೆ ಕೇಳಿಸ್ತು!"

ಆ ದಿನ ಸಂಜೆ ನಸ್ರೀನ್ ನನ್ನ ಹತ್ತಿರ ಬಂದಳು.

"ಆಪಾ, ನಿನಗ ವಿರೋಧದ ಚೀಟಿ ಬಂದಿದ್ರ ಏನ್ ಮಾಡ್ತಿದ್ದಿ?"

"ಪರೀಕ್ಷಾ ನಡೀಬೇಕಂತ ಮಾತಾಡ್ತಿದ್ದೆ."

"ಗೆಲ್ತಿದ್ದಿಯೇನು?"

"ಗೆಲ್ಲದ ಏನು?"

"ಹಂಗಾರ ಪರೀಕ್ಷಾ ಆಗ್ತಿತ್ತು," ಎಂದು ಹೇಳಿ ಒಳಗೆ ಹೋದಳು. ಅವಳು ಅದನ್ನು ಚೇಷ್ಟೆಗೆ ಹೇಳಿದಳೋ ನಿಜವಾಗಿ ನಂಬಿ ಹೇಳಿದಳೋ ನನಗೆ ಇವತ್ತಿಗೂ ತಿಳಿದಿಲ್ಲ. ತಿರುಗಿ ಕೇಳುವ ಹೊತ್ತಿಗೆ ಅಬ್ಬಾಗೆ ಜ್ವರ ಬಂದಿತ್ತು.

ಆ ಜ್ವರದ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಅಬ್ಬಾ ಉಳಿದರು, ಅಷ್ಟು ಸಾಕು. ಮಿಷನ್ನು ನಿಂತಿತು, ಮನೆಯಲ್ಲಿ ಮಾತು ನಿಂತಿತು, ನನ್ನದೂ. ಅದೇ ಗಡಿಬಿಡಿಯಲ್ಲಿ ನಸ್ರೀನ್‌ಳ ಫಲಿತಾಂಶ ಬಂತು. ಹತ್ತನೆಯ ತರಗತಿಯ ಅಂಕ, ಮೊದಲ ಪಿಯುಸಿಯ ಅಂಕ ಎಲ್ಲವನ್ನೂ ಕಲಸಿ ಒಂದು ಹದಕ್ಕೆ ತಂದು, ಎಲ್ಲರನ್ನೂ ಪಾಸು ಮಾಡಿದ್ದರು. ಅವಳಿಗೂ ಒಳ್ಳೆಯ ಅಂಕ. ಈ ಅಂಕ ಬೇಡವೆಂದವರು ಬಂದು ಪರೀಕ್ಷೆ ಬರೆಯಬಹುದು ಎಂದೂ ಒಂದು ಅವಕಾಶ ಕೊಟ್ಟಿದ್ದರು. ಅದಕ್ಕೆ ಹೆಸರು ಕೊಡುವ ದಿನಗಳಲ್ಲಿ ಅಬ್ಬಾ ಗೋಡೆ ಹಿಡಿದು ಬಚ್ಚಲಿಗೆ ನಡೆಯುವುದನ್ನು ಮತ್ತೆ ಕಲಿಯುತ್ತಿದ್ದರು. ನಸ್ರೀನ್ ಕೇಳಲಿಲ್ಲ. ನಮಗೆ ಹೊಳೆಯಲೂ ಇಲ್ಲ. ಪಾಸಾದವರು ಪರೀಕ್ಷೆ ಕೇಳುತ್ತಾರೆಂದು ಯಾರಿಗೆ ತಾನೇ ಹೊಳೆಯುತ್ತದೆ?

ಹೊಳೆದದ್ದು ತಡವಾಗಿ. ಅವಳು ಬೆಳಗಿನ ನಾಲ್ಕಕ್ಕೇ ಏಳುತ್ತಿದ್ದಳು. ಹೊಲಿಗೆ ಕೋಣೆಯ ಬಾಗಿಲ ಹಿಂದಿನ ಗೋಡೆಗೆ ಹಚ್ಚಿದ್ದ ಓದಿನ ವೇಳಾಪಟ್ಟಿ ಹಾಗೇ ಇತ್ತು: ಮುಂಜಾನೆ ಭೌತಶಾಸ್ತ್ರ, ನಂತರ ರಸಾಯನ, ಬಿಸಿಲಿಗೆ ಗಣಿತ, ಸಂಜೆ ಮತ್ತೆ ಭೌತಶಾಸ್ತ್ರ. ಪರೀಕ್ಷೆ ಹೋಗಿತ್ತು, ಪಟ್ಟಿ ಹೋಗಿರಲಿಲ್ಲ. ಊಟಕ್ಕೆ ಕರೆದರೆ, "ಈ ಲೆಸನ್ ಮುಗಸಿ ಬರ್ತೀನಿ" ಎನ್ನುತ್ತಿದ್ದಳು. ಬಂದರೆ ಅರ್ಧ ರೊಟ್ಟಿ ತಿಂದು ಎದ್ದುಬಿಡುತ್ತಿದ್ದಳು. ಗೆಳತಿಯರ ಫೋನು ಎತ್ತುತ್ತಿರಲಿಲ್ಲ.

"ಯಾಕವ್ವ ಇಷ್ಟ್ ಲಗೂನ ಏಳ್ತಿ? ಪರೀಕ್ಷಾ ರದ್ದಾಗ್ಯಾವಲ್ಲ?" ಅಮ್ಮಿ ಕೇಳಿದಳು.

"ಪರೀಕ್ಷಾ ರದ್ದಾಗ್ಯಾವ ಅಮ್ಮಿ. ಪೋರ್ಷನ್ ರದ್ದಾಗಿಲ್ಲ."

ಡಿಗ್ರಿ ಪ್ರವೇಶ ಶುರುವಾಯಿತು. ಅವಳು ಅರ್ಜಿ ತರಲು ಹೋಗಲಿಲ್ಲ. ಯಾಕೆಂದು ಕೇಳಿದರೆ, "ಪಿಯುಸಿ ಮುಗದಿಲ್ಲ, ಡಿಗ್ರಿಗೆ ಹೆಂಗ ಹೋಗ್ಲಿ?" ಎಂದಳು. ಅವಳ ಮುಖದಲ್ಲಿ ಹಟವಿರಲಿಲ್ಲ. ಬಸ್ಸು ಇನ್ನೂ ಬಂದಿಲ್ಲ, ಹತ್ತುವುದು ಹೇಗೆ ಎನ್ನುವಷ್ಟು ಸಹಜವಾಗಿ ಹೇಳಿದಳು. ಅಲ್ಲಿಂದ ನಮಗೆ ಭಯ ಶುರುವಾಯಿತು. ಪ್ರವೇಶದ ದಿನಗಳು ಮುಗಿದರೆ ಒಂದು ವರ್ಷ ಹೋಯಿತು. ಆ ಕೋಣೆಯಲ್ಲಿ ಇನ್ನೊಂದು ವರ್ಷ ಕೂತರೆ ಹುಡುಗಿಯೇ ಹೋದಂತೆ.

ನಾನು ನನ್ನ ಆಯುಧ ತೆಗೆದೆ. "ಮೊದಲನೆಯದಾಗಿ," ಎಂದು ಶುರು ಮಾಡಿದೆ. ಮೊದಲನೆಯದಾಗಿ, ಪಾಸು ಎಂದರೆ ಪಾಸು. ಎರಡನೆಯದಾಗಿ, ಇಡೀ ರಾಜ್ಯದ ಮಕ್ಕಳು ಹೀಗೇ ಪಾಸಾಗಿದ್ದಾರೆ. ಮೂರನೆಯದಾಗಿ, ಪರೀಕ್ಷೆ ಎಂಬುದು ಜ್ಞಾನದ ಅಳತೆಯೇ ಅಲ್ಲ. ಅವಳು ಶ್ರದ್ಧೆಯಿಂದ ಕೇಳಿದಳು. ಕೊನೆಗೆ, "ಹೌ ಆಪಾ, ಖರೆ" ಎಂದು ಒಪ್ಪಿಕೊಂಡಳು. ನಾನು ಗೆದ್ದೆ. ಮರುದಿನ ನಾಲ್ಕಕ್ಕೆ ಮತ್ತೆ ದೀಪ ಹೊತ್ತಿತು. ಇನ್ನೊಂದು ದಿನ ಬೇರೆ ಮೂರು ಅಂಶ ಹೇಳಿದೆ, ಅದನ್ನೂ ಒಪ್ಪಿದಳು. ನನ್ನ ಚರ್ಚಾ ಜೀವನದಲ್ಲಿ ಇಷ್ಟು ಸತತವಾಗಿ ಗೆದ್ದದ್ದು ಇಲ್ಲ, ಇಷ್ಟು ನಿಷ್ಪ್ರಯೋಜಕವಾಗಿಯೂ ಗೆದ್ದದ್ದಿಲ್ಲ.

ಅಮ್ಮಿ ದರ್ಗಾದಿಂದ ತಾಯಿತ ತಂದಳು. ನಾನು ಅದರ ವಿರುದ್ಧ ಮಾತಾಡಿದೆ. ಆಸ್ಪತ್ರೆಗೆ ಕರೆದೊಯ್ದೆವು, ವೈದ್ಯರು ನೋಡಿ, ಆಪ್ತ ಸಮಾಲೋಚಕಿಯ ಹತ್ತಿರ ಕಳಿಸಿದರು. ಆ ಹೆಣ್ಣುಮಗಳು ನಸ್ರೀನ್ ಜೊತೆ ತುಂಬ ಹೊತ್ತು ಮಾತಾಡಿ, ಆಮೇಲೆ ನನ್ನನ್ನು ಹೊರಗೆ ಕರೆದು ಹೇಳಿದರು: "ನಿಮ್ಮ ತಂಗಿ ಜೋಡಿ ವಾದ ಮಾಡಬ್ಯಾಡ್ರಿ. ಬಾಜೂಕ ಸುಮ್ನ ಕೂಡ್ರಿ. ಈಕಿನ್ನ ತಿರುಗಿ ಕರಕೊಂಡು ಬರ್ರಿ, ಬಿಡಬ್ಯಾಡ್ರಿ."

"ಸುಮ್ನ ಕೂತ್ರ ಏನಾಗ್ತೈತ್ರಿ ಮೇಡಂ?" ನಾನು ಬಿಡಲಿಲ್ಲ.

"ನೀವು ಸುಮ್ನ ಆಗ್ತೀರಿ," ಎಂದರು. ಅವರಿಗೆ ಅಂಕ ಕೊಡಬೇಕಾಯಿತು. ಆದರೆ ಸುಮ್ಮನೆ ಕೂರುವುದನ್ನು ನನಗೆ ಯಾರೂ ಕಲಿಸಿರಲಿಲ್ಲ. ಆ ವಿಭಾಗಕ್ಕೆ ಬಹುಮಾನವೇ ಇರಲಿಲ್ಲವಲ್ಲ.

ಕಟ್ಟೆ ಒಡೆದದ್ದು ಅಮ್ಮಿಯದು. ಒಂದು ಬೆಳಿಗ್ಗೆ ಚಹಾ ತಣ್ಣಗಾಗಿ, ಬಿಸಿ ಮಾಡಿ, ಮತ್ತೆ ತಣ್ಣಗಾದ ಮೇಲೆ, ಲೋಟವನ್ನು ಮಿಷನ್ನಿನ ಮೇಲೆ ಕುಕ್ಕಿ ಕೂಗಿದಳು: "ಹಂಗಾರ ಬರದುಬಿಡು ಆ ಪರೀಕ್ಷಾ! ಬರದು ನನ್ನ ಜೀವಾ ಬಿಡು!"

ನಸ್ರೀನ್ ತಲೆಯೆತ್ತಿದಳು. ಎಷ್ಟೋ ದಿನಗಳ ಮೇಲೆ ಅವಳ ಕಣ್ಣು ಪುಸ್ತಕದಿಂದ ಪೂರ್ತಿ ಮೇಲೆ ಬಂದದ್ದು.

"ಎಲ್ಲಿ ಬರೀಲಿ?"

"ಇಲ್ಲೇ! ಈ ಮಿಷನ್ ಖೋಲಿಯಾಗ!" ಅಮ್ಮಿ ಇನ್ನೂ ಸಿಟ್ಟಿನಲ್ಲೇ ಇದ್ದಳು.

"ಸುಪರ್‌ವೈಸರ್ ಯಾರು?"

ಅಮ್ಮಿ ನನ್ನತ್ತ ನೋಡಿದಳು, ನಾನು ಅಬ್ಬಾರತ್ತ ನೋಡಿದೆ. ಜ್ವರದಿಂದ ಎದ್ದ ಅಬ್ಬಾ ಆಗಷ್ಟೇ ಅರ್ಧ ಹೊತ್ತು ಮಿಷನ್ ತುಳಿಯಲು ಶುರು ಮಾಡಿದ್ದರು. "ನಾ ಅದೀನಲ್ಲ," ಎಂದರು, ಗಂಟಲು ಸರಿಮಾಡಿಕೊಂಡು.

ಇದು ಮೂರ್ಖತನ ಎಂದು ನಾನು ಸಾಧಿಸಿ ತೋರಿಸಿದೆ. ಈ ಪರೀಕ್ಷೆಗೆ ಮಾನ್ಯತೆ ಇಲ್ಲ, ಈ ಅಂಕಕ್ಕೆ ಬೆಲೆ ಇಲ್ಲ, ಮನೆಯವರೇ ಬರೆದು ಮನೆಯವರೇ ಕಾಯುವುದು ನಾಟಕ. ಅವರಾಗಲೇ ಬೆಂಚು ಎಲ್ಲಿ ಹಾಕುವುದು ಎಂದು ಮಾತಾಡುತ್ತಿದ್ದರು. ಎದುರಾಳಿ ಕೇಳದೆ ಎದ್ದುಹೋದರೆ ವಾದದ ನಿಯಮ ಏನು ಹೇಳುತ್ತದೆಂದು ನನಗೆ ಗೊತ್ತಿರಲಿಲ್ಲ.

ನಸ್ರೀನ್‌ಳ ಷರತ್ತುಗಳು ಒಂದೊಂದಾಗಿ ಬಂದವು. ಆರೂ ಪೇಪರು ಬರೆಯುವೆನೆಂದಳು. ಅಮ್ಮಿ ಚೌಕಾಶಿ ಮಾಡಿ ಭೌತಶಾಸ್ತ್ರ ಒಂದಕ್ಕೆ ಇಳಿಸಿದಳು. ಪ್ರಶ್ನೆಪತ್ರಿಕೆ ಸೀಲು ಒಡೆಯದೆ ಬರಬೇಕು. ಗಂಟೆ ಹೊಡೆಯಬೇಕು. ನಡುವೆ ಯಾರೂ ಚಹಾ ಎಂದು ಕರೆಯಬಾರದು. ಕೊನೆಯ ಷರತ್ತು ನನ್ನ ಮೇಲೆ ಬಿತ್ತು. "ಒಬ್ಬಾಕಿನ ಕೂತ್ರ ಪರೀಕ್ಷಾ ಅನ್ಸೂದಿಲ್ಲ. ಬಾಜೂಕ ಒಬ್ರು ಬರೀತಿರಬೇಕು. ಆಪಾ ಕೂಡ್ಲಿ."

"ನಾ ಆರ್ಟ್ಸ್ ಬೇ!"

"ಗೊತ್ತೈತಿ. ಪರೀಕ್ಷಾದಾಗ ಬಾಜೂಕ ಕೂತವ್ರಿಗೆ ಎಲ್ಲಾ ಬರಬೇಕಂತೇನಿಲ್ಲ."

ಪ್ರಶ್ನೆಪತ್ರಿಕೆಗೆ ಮಸ್ಕಿಯ ವೀರೇಶ ಸರ್ ಸಿಕ್ಕರು. ಭೌತಶಾಸ್ತ್ರದ ಉಪನ್ಯಾಸಕರು, ಅಬ್ಬಾ ಹತ್ತಿರ ಪ್ಯಾಂಟು ಹೊಲಿಸುವ ಹಳೆಯ ಗಿರಾಕಿ. ಫೋನಿನಲ್ಲಿ ವಿಷಯ ಕೇಳಿ ನಗುತ್ತಾರೆಂದುಕೊಂಡಿದ್ದೆ. ಅವರು ನಗಲಿಲ್ಲ. "ಹುಡುಗ್ರಿಗೆ ಪೇಪರ್ ಬರಿಯಾಕ ಕೂಡ್ಸದ ವರ್ಷ ಆತವ್ವ. ಪೂರಾ ಕ್ರಮಬದ್ಧ ತೆಗೀತೀನಿ," ಎಂದರು. ನಮ್ಮ ಕಡೆ ಮಸ್ಕಿಯಿಂದ ಸಿಂಧನೂರಿಗೆ ಏನು ಬರಬೇಕಾದರೂ ಬಸ್ಸಿನ ಡ್ರೈವರ್ ಕೈಗೆ ಕೊಟ್ಟು ಕಳಿಸುವುದು ವಾಡಿಕೆ; ಔಷಧಿ, ಊಟದ ಡಬ್ಬಿ, ಮದುವೆ ಕಾರ್ಡು, ಒಮ್ಮೊಮ್ಮೆ ಕೋಳಿ. ಪ್ರಶ್ನೆಪತ್ರಿಕೆ ಹಾಗೆಯೇ ಬಂತು, ಸೊಂಟ ಸಡಿಲಿಸಬೇಕಾದ ಒಂದು ಪ್ಯಾಂಟಿನ ನಡುವೆ. ಲಾಕ್‌ಡೌನಿನಲ್ಲಿ ಸರ್ ದಪ್ಪಗಾಗಿದ್ದರು. ಲಕೋಟೆಗೆ ಅರಗಿನ ಮುದ್ರೆ ಇತ್ತು, ಮೇಲೆ ಕೆಂಪು ಶಾಯಿಯಲ್ಲಿ ಗೋಪ್ಯ ಎಂದು ಬರೆದಿತ್ತು. ಬಸ್ ನಿಲ್ದಾಣದಲ್ಲಿ ಡ್ರೈವರ್ ಅದನ್ನು ನನ್ನ ಕೈಗೆ ಕೊಡುತ್ತ, "ಭಾಳ ಗೋಪ್ಯ ಪ್ಯಾಂಟ್ ಐತಿ ಬಿಡ್ರಿ," ಎಂದ.

ಹಿಂದಿನ ದಿನ ಅಬ್ಬಾ ಅವಳ ಸಮವಸ್ತ್ರ ತೆಗೆಸಿದರು. ಪರೀಕ್ಷೆಗೆ ಸಮವಸ್ತ್ರವಿಲ್ಲದೆ ಬಿಡುವುದಿಲ್ಲ ಎಂಬುದು ಸುಪರ್‌ವೈಸರರ ಷರತ್ತು. ಅವರು ಅಳತೆ ಟೇಪು ಹಿಡಿದು ಅವಳ ಸುತ್ತ ತಂದರು, ಒಮ್ಮೆ ನೋಡಿದರು, ಮತ್ತೆ ಹಿಡಿದರು. ಎರಡೂ ಪಕ್ಕದ ಹೊಲಿಗೆಯನ್ನು ಒಳಕ್ಕೆ ತೆಗೆದುಕೊಂಡರು. ಎದುರಿನ ಬೆಂಚಿನ ಮೇಲೆ ಸೊಂಟದ ಹೊಲಿಗೆ ಬಿಚ್ಚಿದ ವೀರೇಶ ಸರ್ ಅವರ ಪ್ಯಾಂಟು ಬಿದ್ದಿತ್ತು, ಹೊರಕ್ಕೆ ತೆಗೆಯಲು. ನಾನು ಏನೋ ಹಾಸ್ಯ ಮಾಡಲು ಬಾಯಿ ತೆರೆದೆ. ಅಬ್ಬಾರ ಮುಖ ನೋಡಿ ಮುಚ್ಚಿಕೊಂಡೆ.

ಬೆಳಿಗ್ಗೆ ಅಮ್ಮಿ ಸ್ಟೀಲ್ ತಾಟಿಗೆ ಸೌಟಿನಿಂದ ಹೊಡೆದಳು. ಅಬ್ಬಾ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಕನ್ನಡಕ ಹಾಕಿ, ಕೊರಳಿಂದ ಟೇಪು ಮಾತ್ರ ತೆಗೆಯಲು ಮರೆತು ಒಳಗೆ ಬಂದರು. ಲಕೋಟೆಯ ಮುದ್ರೆಯನ್ನು ನಮ್ಮಿಬ್ಬರಿಗೂ ತೋರಿಸಿದರು. ನಸ್ರೀನ್ ಎದ್ದು ನಿಂತು, ಬಾಗಿ, ಗಂಭೀರವಾಗಿ ಪರೀಕ್ಷಿಸಿ, "ಸರಿ ಐತ್ರಿ ಸರ್" ಎಂದಳು. ಅಬ್ಬಾ ಒಂದು ಕ್ಷಣ ಗಲಿಬಿಲಿಯಾದರು. ಮಗಳು ಸರ್ ಎಂದದ್ದು ಅದೇ ಮೊದಲು.

ಮೂರು ತಾಸಿನ ಪರೀಕ್ಷೆ. ಪ್ರಶ್ನೆಪತ್ರಿಕೆಯಲ್ಲಿ ನನಗೆ ಅರ್ಥವಾದದ್ದು ಸಮಯ ಮತ್ತು ಅಂಕ. ಉತ್ತರಪತ್ರಿಕೆಯ ಮೇಲೆ ಹೆಸರು ಬರೆದೆ. ಅಭ್ಯಾಸಬಲದಿಂದ 'ಮೊದಲನೆಯದಾಗಿ' ಎಂದು ಬರೆದು ಒಂದು ಅಲ್ಪವಿರಾಮ ಹಾಕಿದೆ. ಆಮೇಲೆ ಮಾಡಲು ಏನೂ ಇರಲಿಲ್ಲ. ಮಾತಾಡುವಂತಿಲ್ಲ, ಏಳುವಂತಿಲ್ಲ, ಫೋನಿಲ್ಲ, ವಾದಿಸಲು ಆ ಕೆಮ್ಮುವ ಧ್ವನಿಯೂ ಇಲ್ಲ. ಪೆನ್ನು ಕಾಗದದ ಮೇಲೆ ಹರಿಯುವ ಸದ್ದು ಮಾತ್ರ. ಆ ಸದ್ದನ್ನು ನಾನು ಎಷ್ಟು ದಿನಗಳಿಂದ ಕೇಳಿಲ್ಲ ಎಂದು ಆಗ ಅನ್ನಿಸಿತು. ಮುಂದಿನ ಬೆಂಚಿನ ಜಡೆ, ಪಕ್ಕದವಳ ಜಾಮಿಟ್ರಿ ಡಬ್ಬಿ ಬಿದ್ದ ಸದ್ದಿಗೆ ಇಡೀ ಹಾಲು ಬೆಚ್ಚುವುದು, ಮುಗಿಸಿ ಹೊರಬಂದು ಬೇವಿನ ಮರದಡಿ ಎಲ್ಲರೂ ಒಟ್ಟಿಗೆ ಉತ್ತರ ಹೋಲಿಸುವುದು, ಲಕ್ಷ್ಮಿ ಪ್ರತಿ ಸಲವೂ ತಾನು ಫೇಲು ಎಂದು ಅಳುವುದು. ನನ್ನ ಡಿಗ್ರಿಯೂ ಫೋನಿನಲ್ಲೇ ಮುಗಿದುಹೋಗಿತ್ತು. ಬೀಳ್ಕೊಡುಗೆ ಇರಲಿಲ್ಲ, ಕೊನೆಯ ದಿನ ಇಂಥದ್ದೇ ಎಂದು ಗೊತ್ತೇ ಇರಲಿಲ್ಲ. ನಾನು ಆ ಒಂದು ವರ್ಷವಿಡೀ ಯಾಕೆ ಅಷ್ಟು ಕೂಗಾಡಿದೆ ಎಂಬುದು, ಕೂಗುವಂತಿಲ್ಲದ ಆ ಕೋಣೆಯಲ್ಲಿ ಕೂತಾಗ, ತಿಳಿಯತೊಡಗಿತು.

ಪಕ್ಕಕ್ಕೆ ತಿರುಗಿದೆ. ನಸ್ರೀನ್ ಬರೆಯುತ್ತಿದ್ದಳು. ನಾಲಿಗೆಯ ತುದಿ ತುಟಿಯ ಮೂಲೆಗೆ ಬಂದಿತ್ತು, ಚಿಕ್ಕವಳಿದ್ದಾಗ ಪಾಟಿಯ ಮೇಲೆ ಅಕ್ಷರ ತಿದ್ದುವಾಗ ಬರುತ್ತಿದ್ದ ಹಾಗೆ. ಒಂದು ಕಡೆ ನಿಂತಳು, ಯೋಚಿಸಿದಳು, ಏನೋ ನೆನಪಾಗಿ ತನ್ನಷ್ಟಕ್ಕೆ ಸಣ್ಣಗೆ ನಕ್ಕಳು. ಆ ನಗು ಹೋಗಿ ಎಷ್ಟು ಕಾಲವಾಗಿತ್ತೋ. ನಾನು ನೋಡುತ್ತಲೇ ಇದ್ದೆ.

"ಏ ಎರಡನೇ ನಂಬರ್! ಏಳ ಮ್ಯಾಲ!"

ಅಬ್ಬಾ ನನ್ನ ಹಿಂದೆ ನಿಂತಿದ್ದರು.

"ಬಾಜೂದಾಕಿ ಪೇಪರ್ ಏನ್ ನೋಡ್ತಿ? ಹೊರಗ ನಡಿ."

ನಾನು ಉತ್ತರ ನೋಡುತ್ತಿರಲಿಲ್ಲ. ನೋಡಿದರೂ ಅದು ನನಗೆ ತಿಳಿಯುತ್ತಿರಲಿಲ್ಲ ಎಂಬುದೊಂದೇ ಸಾಕಿತ್ತು ಕೇಸು ಗೆಲ್ಲಲು. ಆದರೆ ಬಾಯಿ ತೆರೆದರೆ ಅಳು ಹೊರಬರುವ ಹಾಗಿತ್ತು, ಮತ್ತು ಪಕ್ಕದಲ್ಲಿ ಪರೀಕ್ಷೆ ನಡೆಯುತ್ತಿತ್ತು. ಕಾಗದ ಕೊಟ್ಟು ಎದ್ದುಬಂದೆ. ವಾದಿಸದೆ ನಾನು ಹೊರಬಂದ ಕೋಣೆ ಅದೊಂದೇ.

ಅಮ್ಮಿ ಹೊಸ್ತಿಲ ಹೊರಗೆ ತಾಟು, ಸೌಟು ಹಿಡಿದು ಕೂತಿದ್ದಳು. "ಏನಾತು?" ಎಂದು ಪಿಸುಗುಟ್ಟಿದಳು.

"ಡಿಬಾರ್ ಮಾಡಿದ್ರು."

"ಯಾ ಅಲ್ಲಾ! ಇಷ್ಟು ದೊಡ್ಡಾಕಿ ಆಗಿ ಕಾಪಿ ಹೊಡದ್ಯಾ?" ಎಂದಳು. ನನ್ನ ಮುಖ ನೋಡಿ ಸೆರಗಿನ ತುದಿ ನನ್ನ ಕೈಗೆ ಕೊಟ್ಟಳು. ಕಡೆಯ ಗಂಟೆ ಹೊಡೆಯುವ ತನಕ ಇಬ್ಬರೂ ಪಕ್ಕಪಕ್ಕದಲ್ಲೇ ಕೂತೆವು.

ನಸ್ರೀನ್ ಹೊರಗೆ ಬಂದಳು. ಮೊದಲ ಮಾತು: "ಆಪಾ, ಕೊನೀ ಪ್ರಶ್ನಿ ಭಾಳ ಕಠಿಣ ಇತ್ತು." ಎರಡನೆಯದು: "ಅಮ್ಮಿ, ಹಸಿವಾಗೈತಿ." ಮರುದಿನ ಒಂಬತ್ತು ಹೊಡೆದರೂ ಅವಳು ಏಳಲಿಲ್ಲ. ಅಮ್ಮಿ ಮೂರು ಸಲ ಹೋಗಿ ಉಸಿರು ನೋಡಿ ಬಂದಳು.

ಫಲಿತಾಂಶವೂ ಪ್ಯಾಂಟಿನ ಹಾದಿಯಲ್ಲೇ, ಮಸ್ಕಿ ಬಸ್ಸಿನಲ್ಲಿ ಬಂತು. ನಸ್ರೀನ್‌ಗೆ ಎಪ್ಪತ್ತಕ್ಕೆ ನಲವತ್ತೊಂದು. ಸರ್ಕಾರ ಕೊಟ್ಟದ್ದಕ್ಕಿಂತ ಬಹಳ ಕಡಿಮೆ. ನನ್ನೊಳಗಿನ ವಾಗ್ಮಿ ತಟ್ಟನೆ ಎದ್ದು ಕೂತಳು. "ನೋಡಿದ್ಯಾ? ರದ್ದಾಗಿದ್ದ ಚೊಲೋ ಆತು. ಪರೀಕ್ಷಾ ಬರದಿದ್ರ ಇಷ್ಟ ಬರ್ತಿದ್ದವು."

"ಹೌ," ಎಂದಳು ನಸ್ರೀನ್, ಹಾಳೆಯ ಮೇಲಿನ ಕೆಂಪು ಗೀಟುಗಳನ್ನು ಬೆರಳಿನಿಂದ ಸವರುತ್ತ. "ಆದ್ರ ಇವು ನಾ ತಗೊಂಡಿದ್ದು."

ಆ ವಾರವೇ ಅವಳು ಅರ್ಜಿ ತಂದು ಡಿಗ್ರಿಗೆ ಸೇರಿದಳು. ಒಂದೇ ಪರೀಕ್ಷೆಯಿಂದ ಎಲ್ಲ ಸರಿಹೋಯಿತು ಎಂದು ಹೇಳಿದರೆ ಸುಳ್ಳಾಗುತ್ತದೆ. ಸಮಾಲೋಚಕಿಯ ಹತ್ತಿರ ಮುಂದೆಯೂ ಹೋಗುತ್ತಿದ್ದಳು, ಕೆಲವು ದಿನ ಮತ್ತೆ ನಾಲ್ಕಕ್ಕೆ ದೀಪ ಹೊತ್ತುತ್ತಿತ್ತು. ಇಂಜಿನಿಯರಿಂಗ್ ಎಂದು ಕನಸು ಕಂಡವಳು ಅದರ ಮಾತನ್ನು ಮತ್ತೆ ಎತ್ತಲಿಲ್ಲ. ಈಗ ಬಿ.ಎಡ್. ಓದುತ್ತಿದ್ದಾಳೆ. ಬಾಗಿಲ ಹಿಂದಿನ ವೇಳಾಪಟ್ಟಿಯನ್ನು ಅವಳೇ ಕಿತ್ತಳು. ಅದರ ಜೊತೆ ಗೋಡೆಯ ಸುಣ್ಣವೂ ಕಿತ್ತು ಬಂತು. ಆ ಜಾಗಕ್ಕೆ ಬಣ್ಣ ಹಚ್ಚಬೇಕು ಎಂದು ಅಬ್ಬಾ ಪ್ರತಿ ಹಬ್ಬಕ್ಕೂ ಹೇಳುತ್ತಾರೆ.

ನಾನು ಈಗ ಇಲ್ಲೇ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ. ಚರ್ಚೆಗೆ ಯಾರು ಬರುತ್ತೀರಿ ಎಂದು ತರಗತಿಯಲ್ಲಿ ಕೇಳಿದರೆ ಎಲ್ಲರೂ ಮೇಜು ನೋಡುತ್ತಾರೆ. ಮೊನ್ನೆ ನಾನು ಏನೋ ಹೇಳುತ್ತಿದ್ದಾಗ ಫೋನು ಮಿಣುಕಿತು. ಎರಡನೆಯ ಸಾಲಿನಲ್ಲಿ, ನನ್ನ ಎದುರಿಗೇ ಕೂತ ಹುಡುಗಿ ವಾಟ್ಸ್ಆ್ಯಪ್‌ನಲ್ಲಿ ಕಳಿಸಿದ್ದಳು: ಮೇಡಂ, ನಿಮ್ಮ ಮಾತು ನನಗೆ ಒಪ್ಪಿಗೆಯಿಲ್ಲ. ಎದ್ದು ಹೇಳು ಎಂದೆ. ಅವಳ ಕಣ್ಣಲ್ಲಿ ನೀರು ತುಂಬಿತು. ಅವಳು ಹೈಸ್ಕೂಲಿನಲ್ಲಿ ಮಾತು ಕಲಿಯುವ ವಯಸ್ಸನ್ನು ಆನ್‌ಲೈನ್ ತರಗತಿಯ ಮ್ಯೂಟ್‌ನಲ್ಲಿ ಕಳೆದವಳು. ನಾನು ಅವಳ ಬೆಂಚಿಗೆ ಹೋಗಿ ಪಕ್ಕದಲ್ಲಿ ಕೂತೆ. ಸುಮ್ಮನೆ. ಆ ವಿಭಾಗದಲ್ಲಿ ನಾನಿನ್ನೂ ಕಲಿಯುವವಳು. ಶೀಲ್ಡನ್ನು ಎಂದಾದರೂ ಅವಳಂಥವಳು ಬಂದು ನನ್ನಿಂದ ಕಿತ್ತುಕೊಂಡು ಹೋಗಲಿ ಎಂದು ಆಸೆ. ಅಮ್ಮಿಗೂ ಆಸೆ, ಕಪಾಟಿನ ಮೇಲೆ ಅವಳಿಗೆ ಜಾಗ ಬೇಕಾಗಿದೆ.

ಇನ್ನು ನನ್ನ ಫಲಿತಾಂಶ. ನನ್ನ ಉತ್ತರಪತ್ರಿಕೆಯನ್ನು ತಮ್ಮಲ್ಲೇ ಇಟ್ಟುಕೊಂಡು, ವೀರೇಶ ಸರ್ ಕೆಂಪು ಶಾಯಿಯಲ್ಲಿ ಒಂದು ಚೀಟಿ ಬರೆದು ಕಳಿಸಿದ್ದರು: ಅಕ್ರಮದ ಕಾರಣ ಫಲಿತಾಂಶ ತಡೆಹಿಡಿಯಲಾಗಿದೆ. ಈಚೆಗೆ ಮಸ್ಕಿ ಬಸ್ ನಿಲ್ದಾಣದಲ್ಲಿ ಸಿಕ್ಕರು. ನಿವೃತ್ತರಾಗಿದ್ದಾರೆ, ಪ್ಯಾಂಟು ಮತ್ತೆ ಬಿಗಿಯಾಗಿದೆ. "ನಿನ್ನ ಕೇಸ್ ಇನ್ನಾ ಹಂಗ ಐತೆವ್ವ. ಒಂದಿನ ಬಂದು ಹೇಳಿಕೆ ಕೊಡು, ಚೊಕ್ಕ ಮಾಡಿಬಿಡೂಣು," ಎಂದರು. ವಾದ ನನ್ನ ಹತ್ತಿರ ಸಿದ್ಧವಿದೆ, ಗೆಲ್ಲುವುದರಲ್ಲಿ ಅನುಮಾನವೂ ಇಲ್ಲ. ಆದರೆ ಗೆದ್ದರೆ ಅವರು ಉತ್ತರಪತ್ರಿಕೆಯನ್ನು ತೆರೆದು ಮೌಲ್ಯಮಾಪನ ಮಾಡುತ್ತಾರೆ. ಅದರಲ್ಲಿರುವುದು ನನ್ನ ಹೆಸರು, ಒಂದು 'ಮೊದಲನೆಯದಾಗಿ', ಒಂದು ಅಲ್ಪವಿರಾಮ. "ಬರ್ತೀನ್ರಿ ಸರ್," ಎಂದು ಹೇಳಿ ಸಿಂಧನೂರು ಬಸ್ಸು ಹತ್ತಿದೆ. ಇನ್ನೂ ಹೋಗಿಲ್ಲ.